ನಾಲಿಗೆ ಕಸಿ

ಸೇಬು ಎಂದರೆ ಸಿಹಿ ಎಂದುಕೊಂಡವರು ನಾವು. ಆಜಾದ್‌ಪುರ ಮಂಡಿಯಿಂದ ಹಾಸ್ಟೆಲಿನ ಗೇಟಿನ ಗಾಡಿಯವರೆಗೆ ಬರುವ ಸೇಬೆಲ್ಲ ಕೆಂಪು, ಎಲ್ಲವೂ ಸಿಹಿ. ಬಾಯಿಗಿಟ್ಟರೆ ಮುಖ ಕಿವುಚುವಂಥ ಸೇಬೂ ಉಂಟು, ಅದನ್ನು ಹಿಂಡಿ, ಹುದುಗಿಸಿ ಕುಡಿಯಲೆಂದೇ ಬೆಳೆಸುವ ದೇಶಗಳೂ ಉಂಟು ಎಂಬುದು ನನಗೆ ತಿಳಿದದ್ದು ರೂಮ್‌ಮೇಟಿನ ಕೃಪೆಯಿಂದ.

ಅವನ ಊರು ಹಿಮಾಚಲದ ಕೋಟಗಢದ ಕಡೆ. ಶಿಮ್ಲಾ ದಾಟಿ, ನಾರ್ಕಂಡದ ಘಾಟಿ ಹತ್ತಿ, ಸಟ್ಲೆಜ್ ಕಣಿವೆಯತ್ತ ಇಳಿಯಬೇಕು. ಡಿಸೆಂಬರ್ ರಜೆಯಲ್ಲಿ "ಬಾರೋ, ಹಿಮ ತೋರಿಸ್ತೀನಿ" ಅಂತ ಕರೆದುಕೊಂಡು ಹೋದ. ಹಿಮ ಬೀಳಲೇ ಇಲ್ಲ. ಅದರ ಬದಲು ಅವನ ಮನೆಯ ಕೆಳಗಿನ ಉಗ್ರಾಣದಲ್ಲಿ ಗುಳುಗುಳು ಎನ್ನುತ್ತಿದ್ದ ಎರಡು ದೊಡ್ಡ ಗಾಜಿನ ಜಾಡಿಗಳನ್ನು ನೋಡಿದೆ. ಅವನ ಚಾಚಾ ಮಾಡುತ್ತಿದ್ದ ಸೈಡರ್ ಅದು.

ಆ ಬೆಟ್ಟಗಳಿಗೆ ಮೊದಲು ಬಂದದ್ದು ಹುಳಿ ಸೇಬೇ. ಬ್ರಿಟಿಷರು ತಮ್ಮ ನಾಡಿನ ಪಿಪಿನ್ ಮುಂತಾದ ಜಾತಿಗಳನ್ನು ತಂದರು. ಕುಲ್ಲೂವಿನ ಬಂದ್ರೋಲಿನಲ್ಲಿ ಕ್ಯಾಪ್ಟನ್ ಲೀ ತೋಟ ಹಾಕಿದ್ದು 1870ರಲ್ಲಿ. ನಮ್ಮ ಜನರ ಬಾಯಿಗೆ ಅದು ಹಿಡಿಸಲಿಲ್ಲ. 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಅಮೆರಿಕದಿಂದ ಬಂದು, ಮುಂದೆ ಕೋಟಗಢದಲ್ಲೇ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರಲ್ಲಿ ರೆಡ್ ಡೆಲಿಷಸ್ ಸಸಿಗಳನ್ನು ತರಿಸಿ ನೆಟ್ಟರು. ಸಿಹಿ ಗೆದ್ದಿತು. ಹುಳಿ ಮರಗಳು ತೋಟದ ಮೂಲೆ ಸೇರಿದವು. ಪೂರ್ತಿ ನಾಶವಾಗದಿದ್ದುದಕ್ಕೆ ಒಂದು ಕಾರಣವಿದೆ: ಡೆಲಿಷಸ್ ಮರ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟಲಾರದು. ಹತ್ತಿರದಲ್ಲೇ ಬೇರೆ ಜಾತಿಯದೊಂದು ಹೂ ಬಿಟ್ಟು, ಜೇನುನೊಣ ಓಡಾಡಿದರೇ ಫಸಲು.

ಚಾಚಾ ಮಾತಿಗೆ ಕೂತರೆ ಪ್ರೊಫೆಸರರೇ ಸರಿ. ಇಂಗ್ಲೆಂಡಿನ ಲಾಂಗ್ ಆಷ್ಟನ್ ಸಂಶೋಧನಾ ಕೇಂದ್ರದವರು 1903ರಲ್ಲೇ ಸೈಡರ್ ಸೇಬುಗಳನ್ನು ನಾಲ್ಕು ವರ್ಗ ಮಾಡಿದರಂತೆ: ಸಿಹಿ, ಹುಳಿ, ಒಗರು ಸಿಹಿ, ಒಗರು ಹುಳಿ. ರಸದಲ್ಲಿ ಆಮ್ಲ 0.45 ಶೇಕಡಾ ಮೀರಿದರೆ ಹುಳಿ, ಟ್ಯಾನಿನ್ 0.2 ಶೇಕಡಾ ಮೀರಿದರೆ ಒಗರು. ಅಲ್ಲಿಯ ಫಾಕ್ಸ್‌ವೆಲ್ಪ್, ಕಿಂಗ್ಸ್‌ಟನ್ ಬ್ಲ್ಯಾಕ್ ಜಾತಿಗಳನ್ನು ಯಾರೂ ತಟ್ಟೆಯಲ್ಲಿ ಹೆಚ್ಚಿಡುವುದಿಲ್ಲ. ಪೀಪಾಯಿಯಲ್ಲೇ ಅವುಗಳ ಮರ್ಯಾದೆ. ಬರೀ ಡೆಲಿಷಸ್ ರಸ ಹುದುಗಿಸಿದರೆ ಸಪ್ಪೆ. ಹುಳಿ ಸಾಲದ ರಸ ಕೆಡುವುದೂ ಬೇಗ. ಅದಕ್ಕೇ ಮೂಲೆಯ ಆ ಹಳೆಯ ಮರದ ಹಣ್ಣನ್ನು ಬೆರೆಸುತ್ತಾರೆ.

ಕೆಲಸ ಕೇಳಲು ಸುಲಭ. ಹಣ್ಣನ್ನು ಕೆಲವು ದಿನ ರಾಶಿ ಹಾಕಿ ಮೆತ್ತಗಾಗಿಸಿ, ಅರೆದು, ಬಟ್ಟೆಯಲ್ಲಿ ಪದರಪದರವಾಗಿ ಸುತ್ತಿ ಹಿಂಡುವುದು. ರಸದ ಸಾಂದ್ರತೆ 1.050 ಇದ್ದರೆ ಕೊನೆಗೆ ಸುಮಾರು ಆರೂವರೆ ಶೇಕಡಾ ಮದ್ಯಸಾರ. ಚಳಿಯಲ್ಲಿ ತಿಂಗಳುಗಟ್ಟಲೆ ನಿಧಾನವಾಗಿ ಹುದುಗಬೇಕು. ಗಾಳಿ ಸೇರಿತೋ, ವಿನೆಗರ್! ಲೆಕ್ಕವೂ ಇದೆ. ಆಲಿಕಲ್ಲು ಬಿದ್ದು ಕಲೆಯಾದ ಹಣ್ಣಿಗೆ ಸರಕಾರ 2023ರಲ್ಲಿ ಕೊಟ್ಟ ಬೆಲೆ ಕಿಲೋಗೆ 12 ರೂಪಾಯಿ. ಹಿಂಡುವವನಿಗೆ ಸಿಪ್ಪೆಯ ಕಲೆಯಿಂದೇನು? ಆದರೆ ಮಾರಬೇಕಾದರೆ ಅಬಕಾರಿ ಲೈಸೆನ್ಸ್ ಬೇಕು. ಸದ್ಯಕ್ಕೆ ಎರಡು ಜಾಡಿಯ ಪ್ರಯೋಗ ಅಷ್ಟೆ.

ಒಂದು ಗುಟುಕು ಕೊಟ್ಟರು. (ಅಪ್ಪ ಈ ಸಂಚಿಕೆ ಓದುತ್ತಾರೆ, ಒಂದೇ ಗುಟುಕು.) ಹುಳಿ, ಅದರ ಬೆನ್ನಿಗೆ ಒಗರು, ಆಮೇಲೆ ಮೂಗಿಗೆ ಹತ್ತುವ ಘಮ. ನೆನಪಾದದ್ದು ಶಿರಸಿಯ ಅಜ್ಜಿಮನೆಯ ಉಪ್ಪಿನಕಾಯಿ ಭರಣಿ. ಅಪ್ಪೆಮಿಡಿಯನ್ನೂ ಹಣ್ಣಾಗಿಸಿ ತಿನ್ನುವುದಕ್ಕೆಂದು ಯಾರೂ ಬೆಳೆಸುವುದಿಲ್ಲ. "ಹುಳಿ ಇಲ್ದೇ ಇದ್ರೆ ಅದೆಂತ ಮಿಡಿ?" ಅನ್ನುತ್ತಾಳೆ ಅಜ್ಜಿ. ಹೊಳೆಯ ದಂಡೆಯ ಒಂದೊಂದು ಮರಕ್ಕೂ ಒಂದೊಂದು ಪರಿಮಳ. 2009ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಹಾಗೆಂದು ಮರ ಉಳಿಯುವುದಿಲ್ಲ. ಉಳಿಸುವುದು ಕಸಿ ಕಟ್ಟುವ ಕೈ.

ಸೇಬಿನ ಮಾತೂ ಅದೇ. ಚಾಚಾನ ಹುಳಿ ಮರಕ್ಕೆ ವಯಸ್ಸಾಗಿತ್ತು, ಬುಡ ಅರ್ಧ ಕೊಳೆತಿತ್ತು. ದಾದಾಜಿಗೆ ಆ ಜಾಗದಲ್ಲಿ ಮೂರನೇ ವರ್ಷಕ್ಕೆ ಫಲ ಕೊಡುವ ಗಿಡ್ಡ ತಳಿ ಹಾಕುವ ಮನಸ್ಸು. "ಹೆಸರೇ ಇಲ್ಲದ ಮರ, ಇದ್ದರೆಷ್ಟು ಹೋದರೆಷ್ಟು" ಎಂದರು. ಇಂಥ ಮರ ಇನ್ನೆಲ್ಲೂ ಇಲ್ಲದೆಯೂ ಇರಬಹುದು ಎಂದು ಚಾಚಾ. ಊಟದ ಹೊತ್ತಿನಲ್ಲಿ ಇಬ್ಬರೂ ಮಾತಾಡುತ್ತಿರಲಿಲ್ಲ.

"ಬೀಜ ಹಾಕಿದರೆ ಆಯ್ತಲ್ಲ?" ಅಂತ ಕೇಳಿದೆ. ಆಗುವುದಿಲ್ಲವಂತೆ. ಸೇಬಿನ ಬೀಜದಿಂದ ಮರ ಹುಟ್ಟುತ್ತದೆ, ಆದರೆ ಅದೇ ಮರ ಹುಟ್ಟುವುದಿಲ್ಲ. ಪ್ರತಿ ಬೀಜವೂ ಬೇರೆಯೇ ಸೇಬು. ಆ ರುಚಿಯೇ ಬೇಕೆಂದರೆ ಆ ಮರದ ಕಡ್ಡಿಯನ್ನೇ ಇನ್ನೊಂದು ಬೇರಿಗೆ ಕೂಡಿಸಬೇಕು. ಚಳಿಯಲ್ಲಿ ಎಲೆ ಉದುರಿದ ಮೇಲೆ ಪೆನ್ಸಿಲ್ ಗಾತ್ರದ ಏಳು ಕಡ್ಡಿ ಕಡಿದು ತೇವದ ಮರಳಿನಲ್ಲಿ ಹೂತಿಟ್ಟೆವು. ಹೋಳಿ ರಜೆಗೆ ಮತ್ತೆ ಹೋದಾಗ ಕಸಿ. ಎರಡು ಕಡೆಗೂ ಓರೆಯಾಗಿ ಕೊಯ್ದು, ಒಂದೊಂದರಲ್ಲೂ ನಾಲಿಗೆಯಂತೆ ಸೀಳಿ, ನಾಲಿಗೆಗೆ ನಾಲಿಗೆ ಸಿಕ್ಕಿಸಿ ಬಿಗಿಯಾಗಿ ಕಟ್ಟುವುದು. ಇಂಗ್ಲಿಷಿನಲ್ಲೂ ಅದಕ್ಕೆ ಟಂಗ್ ಗ್ರಾಫ್ಟಿಂಗ್ ಎಂದೇ ಹೆಸರು.

ಕೈ ಪಟ್ಟಿ ಸುತ್ತುತ್ತಿತ್ತು. ತಲೆ ದೆಹಲಿಯ ಮನೆಯಲ್ಲಿತ್ತು. ನನ್ನ ತಮ್ಮನಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ಹಿಂದಿಯಲ್ಲಿ. ಅಜ್ಜಿ ಫೋನ್ ಮಾಡಿದರೆ ನಡುವೆ ಅಮ್ಮ ದುಭಾಷಿ. ಕನ್ನಡ ಮನೆಯಲ್ಲಿ ಹುಟ್ಟಿದ್ದಾನೆ, ತಾನಾಗಿ ಬರುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ಬೀಜದ ಮೇಲಿನ ನಂಬಿಕೆ ಅದು. ನನಗೆ ಬಂದದ್ದಾದರೂ ತಾನಾಗಿ ಅಲ್ಲ. ಮೂರು ಬೇಸಿಗೆ ಅಜ್ಜಿ ಪಕ್ಕದಲ್ಲಿ ಕೂರಿಸಿಕೊಂಡು, ಮಿಡಿಯ ತೊಟ್ಟು ಮುರಿಸುತ್ತ, ಮಾತಾಡಿಸಿದ್ದರಿಂದ. ಈ ಸಲ ಬೇಸಿಗೆಗೆ ತಮ್ಮನನ್ನು ಶಿರಸಿಗೆ ಬಿಟ್ಟು ಬರುವುದೆಂದು ಅಲ್ಲೇ ಗೊತ್ತುಮಾಡಿಕೊಂಡೆ. ಬಿಟ್ಟೂ ಬಂದೆ.

ಮೇ ತಿಂಗಳಲ್ಲಿ ಚಾಚಾ ಫೋನ್ ಮಾಡಿದರು. ಏಳರಲ್ಲಿ ನಾಲ್ಕು ಚಿಗುರಿವೆ. ಹಳೆಯ ಮರ ಈ ಚಳಿಗಾಲಕ್ಕೆ ಹೋಗುತ್ತದೆ. ಚಿಗುರಿದವಕ್ಕೆ ಜಾಗ ತೋರಿಸಿದವರು ದಾದಾಜಿಯೇ ಅಂತೆ. ಕಸಿ ಕಟ್ಟಿದ ದಿನ ಸಸಿಗಳಿಗೆ ಚೀಟಿ ಕಟ್ಟುವಾಗ, ಹೆಸರಿಲ್ಲದ ಜಾತಿಗೆ ಏನು ಬರೆಯೋದು ಅಂತ ಕೇಳಿದ್ದೆ. "ನಿನಗೆ ತೋಚಿದ್ದು ಬರಿ" ಅಂದಿದ್ದರು ಚಾಚಾ. ಏಳಕ್ಕೂ ಕನ್ನಡದಲ್ಲೇ ಬರೆದು ಬಂದಿದ್ದೇನೆ: ಹುಳಿ.