ಹೆಬ್ಬೆರಳಿನ ಬ್ರೇಕು

"ಮೀನು ಹಿಡಿಯೋ ಗಾಳಕ್ಕೆ ಬ್ರೇಕ್ ಯಾಕೆ ಪುಟ್ಟಿ?"

ಆಸ್ಟಿನ್‌ನ ಅಂಗಡಿಯೊಂದರಲ್ಲಿ, ಗಾಜಿನ ಕಪಾಟಿನೊಳಗೆ ಸಾಲಾಗಿ ಕೂತಿದ್ದ ರೀಲುಗಳ ಮುಂದೆ ನಿಂತು ಅಪ್ಪ ಕೇಳಿದ ಪ್ರಶ್ನೆ ಇದು. ಕೇಳಿದ್ದು ಯಾರು? 31 ವರ್ಷ ಹಾಸನ–ಮಂಗಳೂರು ದಾರಿಯಲ್ಲಿ ಕೆಂಪು ಬಸ್ಸು ಓಡಿಸಿ ರಿಟೈರ್ ಆದ ಮನುಷ್ಯ. ಶಿರಾಡಿ ಘಾಟಿ ಎಷ್ಟು ಸಲ ಇಳಿದಿದ್ದಾನೆ ಅನ್ನೋದು ಅವನಿಗೇ ಲೆಕ್ಕವಿಲ್ಲ. ಅಂಥವನಿಗೆ ನಾನು ಬ್ರೇಕಿನ ಪಾಠ ಮಾಡಬೇಕಾಗಿ ಬಂದಿತ್ತು.

ಅಮ್ಮ ಹೋಗಿ ಆರು ತಿಂಗಳಾಗಿತ್ತು. ಸಕಲೇಶಪುರದ ಮನೆಯಲ್ಲಿ ಒಬ್ಬನೇ ಬೇಡ ಅಂತ ಹಟ ಹಿಡಿದು ಅಪ್ಪನನ್ನು ಕರೆಸಿಕೊಂಡಿದ್ದೆ. ಊರಲ್ಲಿ ಭಾನುವಾರ ಬಂದರೆ ಎರೆಹುಳದ ಡಬ್ಬಿ ಹಿಡಿದು ಹೇಮಾವತಿ ದಡಕ್ಕೆ ಹೋಗುತ್ತಿದ್ದವನು ಈಗ ಗಾಳ ಮುಟ್ಟೋದೇ ಇಲ್ಲ ಅಂತ ಚಿಕ್ಕಪ್ಪ ಫೋನಿನಲ್ಲಿ ಹೇಳಿದ್ದರು. ಟೆಕ್ಸಾಸ್‌ನಲ್ಲಿ ಕೆರೆಗೂ ಕೊರತೆಯಿಲ್ಲ, ಬಾಸ್ ಮೀನಿಗೂ ಕೊರತೆಯಿಲ್ಲ. ಒಂದು ಒಳ್ಳೆ ರೀಲು ಕೊಡಿಸಿದರೆ ಅಪ್ಪ ಸರಿಹೋಗುತ್ತಾನೆ ಅಂದುಕೊಂಡೆ. ನಾನು ಸಾಫ್ಟ್‌ವೇರಿನವಳು ನೋಡಿ, ಎಲ್ಲ ಸಮಸ್ಯೆಗೂ ಒಂದು ಖರೀದಿ ಇರುತ್ತೆ ಅಂತ ನಂಬಿರುತ್ತೇವೆ.

ಹೊಸಬರಿಗೆ ಎಲ್ಲರೂ ಹೇಳೋದು ಸ್ಪಿನ್ನಿಂಗ್ ರೀಲ್. ಅದರಲ್ಲಿ ಎಸೆಯುವಾಗ ಸ್ಪೂಲ್ ತಿರುಗುವುದೇ ಇಲ್ಲ, ದಾರ ಸುರುಳಿ ಸುರುಳಿಯಾಗಿ ಮುಂದಿನಿಂದ ಜಾರಿ ಹೋಗುತ್ತೆ. ತಲೆನೋವಿಲ್ಲ. ಆದರೆ ನಾನು ಒಂದು ವಾರ ರಾತ್ರಿ ಕೂತು ವಿಡಿಯೋ ನೋಡಿ, ಎಕ್ಸೆಲ್ ಶೀಟ್ ಮಾಡಿ, ಬೇಟ್‌ಕಾಸ್ಟರೇ ಆಗಬೇಕು ಅಂತ ತೀರ್ಮಾನಿಸಿದ್ದೆ. ಇದರಲ್ಲಿ ದಾರದ ಜೊತೆ ಸ್ಪೂಲ್ ಕೂಡ ತಿರುಗುತ್ತೆ. ಗುರಿ ನಿಖರ, ದಪ್ಪ ದಾರ ಹಾಕಬಹುದು, ದೊಡ್ಡ ಮೀನನ್ನು ಎಳೆಯಬಹುದು. ತೊಂದರೆ ಒಂದೇ. ಕಟ್ಟಿದ ಪ್ಲಾಸ್ಟಿಕ್ ಮೀನು ಗಾಳಿಯಲ್ಲಿ ಹೋಗ್ತಾ ಹೋಗ್ತಾ ನಿಧಾನ ಆಗುತ್ತೆ, ಸ್ಪೂಲ್ ಮಾತ್ರ ಅದೇ ಜೋರಲ್ಲಿ ತಿರುಗ್ತಾ ಇರುತ್ತೆ. ಹೊರಗೆ ಹೋಗಲಾಗದ ದಾರ ಒಳಗೇ ಉಬ್ಬಿ ಗಂಟಾಗುತ್ತೆ. ಇಲ್ಲಿಯವರು ಅದಕ್ಕೆ ಹಕ್ಕಿಗೂಡು ಅಂತಾರೆ. ಅದು ಆಗದಿರಲಿ ಅಂತಲೇ ಬ್ರೇಕು.

"ಓ, ಮುಂದಿನ ಗಾಡಿ ಸ್ಲೋ ಆದ್ರೆ ಹಿಂದಿನವನು ಹೋಗಿ ಗುದ್ದೋ ಹಂಗೆ," ಅಂದ ಅಪ್ಪ.

ಇಷ್ಟೇ. ನನ್ನ ಒಂದು ವಾರದ ಓದು.

ಅಂಗಡಿಯವನು ಒಂದು ರೀಲಿನ ಪಕ್ಕದ ಮುಚ್ಚಳ ಬಿಚ್ಚಿ ತೋರಿಸಿದ. ಒಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಬ್ರೇಕ್ ತುಂಡುಗಳು. ಸ್ಪೂಲ್ ಜೋರಾಗಿ ತಿರುಗಿದಾಗ ಅವು ಹೊರಕ್ಕೆ ಜಾರಿ ಸುತ್ತಲಿನ ಬಳೆಗೆ ಉಜ್ಜುತ್ತವೆ. ವೇಗ ಎರಡರಷ್ಟಾದರೆ ಒತ್ತುವ ಬಲ ನಾಲ್ಕರಷ್ಟು. ಹಾಗಾಗಿ ಎಸೆದ ಕೂಡಲೇ ಬಿಗಿ, ಆಮೇಲೆ ತಾನೇ ಸಡಿಲ. ಇದು ಸೆಂಟ್ರಿಫ್ಯೂಗಲ್ ಬ್ರೇಕು. ಅಪ್ಪ ಬಗ್ಗಿ ನೋಡಿ, "ಡ್ರಮ್ಮು, ಲೈನರ್ರು. ನಮ್ಮ ಬಸ್ಸಿಂದೇ ಮರಿ," ಅಂದ.

ಇನ್ನೊಂದು ಮ್ಯಾಗ್ನೆಟಿಕ್ ಬ್ರೇಕು. ಅಲ್ಯೂಮಿನಿಯಂ ಸ್ಪೂಲಿನ ಪಕ್ಕ ಪುಟ್ಟ ಅಯಸ್ಕಾಂತಗಳು. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ನಿಜ. ಆದರೆ ಅದರ ಹತ್ತಿರ ತಿರುಗಿದರೆ ಲೋಹದೊಳಗೆ ಕರೆಂಟು ಸುಳಿ ಸುತ್ತಿ, ತಿರುಗುವುದನ್ನೇ ತಡೆಯುತ್ತೆ. ಎಲ್ಲೂ ಮುಟ್ಟದೆ, ಸವೆಯದೆ, ಎಸೆತದ ಕೊನೆಯವರೆಗೂ ಹಿಡಿಯುತ್ತೆ. ನಮ್ಮ ಹಳೇ ಮನೆಯ ಕರೆಂಟ್ ಮೀಟರಿನಲ್ಲಿ ತಿರುಗುತ್ತಿದ್ದ ತಟ್ಟೆ ನೆನಪಿದೆಯಾ? ಅದನ್ನು ಹದ್ದುಬಸ್ತಿನಲ್ಲಿ ಇಡ್ತಿದ್ದದ್ದೂ ಹೀಗೇ ಒಂದು ಅಯಸ್ಕಾಂತ.

ಚಿಪ್ ಇರುವ ರೀಲೂ ಇತ್ತು. ಸ್ಪೂಲಿನ ವೇಗ ನೋಡಿಕೊಂಡು ಅದೇ ಬ್ರೇಕ್ ಹಾಕುತ್ತೆ. ನನ್ನ ಕೈ ಅದಕ್ಕೇ ಹೋಗಿತ್ತು. ಬೆಲೆ ನೋಡಿ ಅಪ್ಪ ಕೈ ಹಿಡಿದುಕೊಂಡ. ಪಕ್ಕದಲ್ಲಿದ್ದ ಗುಂಡನೆಯ ಸ್ವೀಡಿಷ್ ರೀಲಿನ ಹೆಸರು ಅಂಬಾಸಡರ್ ಅಂದಾಗ ಅಪ್ಪನ ಮುಖ ಅರಳಿತು. ಅದನ್ನು ಮಾಡುವ ಆಬು ಕಂಪನಿ 1921ರಲ್ಲಿ ಶುರುವಾಗಿದ್ದು ಗಡಿಯಾರದ ಕಾರ್ಖಾನೆಯಾಗಿ. ಅದಕ್ಕೂ ನೂರು ವರ್ಷ ಮೊದಲು ಅಮೆರಿಕದಲ್ಲಿ ಈ ಬಗೆಯ ರೀಲು ಮಾಡಿ ಹೆಸರಾದ ಕೆಂಟಕಿಯ ಜಾರ್ಜ್ ಸ್ನೈಡರ್ ಕೂಡ ಗಡಿಯಾರದ ಕೆಲಸದವನೇ. ಹಲ್ಲಿನ ಚಕ್ರ ಗೊತ್ತಿದ್ದವರ ಕೈಯಲ್ಲಿ ಹುಟ್ಟಿದ ವಸ್ತು ಇದು.

ಕೊನೆಗೆ ಕೊಂಡಿದ್ದು ಮಧ್ಯಮ ಬೆಲೆಯ ಒಂದು ಮ್ಯಾಗ್ನೆಟಿಕ್ ರೀಲು. ಡಯಲ್ ಮೇಲೆ 0ಯಿಂದ 10. ಗೇರ್ 7:1, ಅಂದರೆ ಹಿಡಿ ಒಂದು ಸುತ್ತು ತಿರುಗಿಸಿದರೆ ಸ್ಪೂಲ್ ಏಳು ಸುತ್ತು. 5ರ ರೀಲು ನಿಧಾನ, ಎಳೆತ ಜಾಸ್ತಿ. 8ರದ್ದು ವೇಗ. ಹೊಸಬರಿಗೆ 6–7 ಸಾಕು.

ಮೇ ತಿಂಗಳ ಒಂದು ಶನಿವಾರ ಬೆಳಗ್ಗೆ ಲೇಕ್ ಟ್ರಾವಿಸ್ ದಡಕ್ಕೆ ಹೋದೆವು. ಇಬ್ಬರಿಗೂ ಲೈಸೆನ್ಸ್ ಮಾಡಿಸಿದ್ದೆ. "ಗಾಳ ಹಾಕಕ್ಕೂ ಡಿಎಲ್ಲಾ!" ಅಂತ ಅಪ್ಪ ನಗ್ತಾ ಕೂತ. ನಾನು ಪುಸ್ತಕದ ಪ್ರಕಾರ ಶುರು ಮಾಡಿದೆ. ಮೊದಲು ಹಿಡಿಯ ಪಕ್ಕದ ಪುಟ್ಟ ತಿರುಪು. ಬಟನ್ ಒತ್ತಿ ಬಿಟ್ಟರೆ ಪ್ಲಾಸ್ಟಿಕ್ ಮೀನು ಮೆಲ್ಲಗೆ ಇಳಿಯಬೇಕು, ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲಬೇಕು. ಮೀನು ಬದಲಿಸಿದರೆ, ತೂಕ ಬದಲಾದರೆ, ಮತ್ತೆ ಇದೇ ಪರೀಕ್ಷೆ. ಆಮೇಲೆ ಬ್ರೇಕಿನ ಡಯಲ್ 10ಕ್ಕೆ. ಹಿಡಿಯ ಬುಡದಲ್ಲಿರುವ ನಕ್ಷತ್ರದಂಥ ಚಕ್ರ ಬೇರೆ, ಅದು ಮೀನು ಎಳೆದಾಗ ದಾರ ಬಿಡುವುದಕ್ಕೆ. ಎಸೆತಕ್ಕೂ ಅದಕ್ಕೂ ಸಂಬಂಧವಿಲ್ಲ.

10ರಲ್ಲಿ ಎಸೆದರೆ ಮೀನು ನಮ್ಮ ಕಾಲಿಂದ ಐದಾರು ಮೀಟರ್ ಆಚೆ ಬಿತ್ತು. ಮತ್ತೆ, ಮತ್ತೆ, ಅಷ್ಟೇ. ಬೇಸರ ಬಂದು ಸೀದಾ 2ಕ್ಕೆ ತಿರುಗಿಸಿ, ಎದುರುಗಾಳಿಯಲ್ಲೇ ಪೂರ್ತಿ ಬಲ ಹಾಕಿ ಬೀಸಿದೆ. ಸರ್ರ್ ಅಂತ ಸದ್ದು. ನೋಡಿದರೆ ಕೈಯಲ್ಲಿ ಹಕ್ಕಿಗೂಡು.

ಇಬ್ಬರೂ ಬಂಡೆ ಮೇಲೆ ಕೂತು ಬಿಡಿಸತೊಡಗಿದೆವು. ಅವನ ಕನ್ನಡಕ, ನನ್ನ ಉಗುರು. ಅಮ್ಮ ಹೋದ ಮೇಲೆ ನಾವಿಬ್ಬರು ಇಷ್ಟು ಹತ್ತಿರ ಕೂತಿದ್ದು ಅದೇ ಮೊದಲು.

"ಟಿಕೆಟ್ ಯಾವಾಗ ಅಂದಿದ್ದೆ ಪುಟ್ಟಿ?"

"ಆಗಸ್ಟ್ ಇಪ್ಪತ್ತು."

"ಜೂನ್‌ಗೆ ಮಾಡಕ್ಕಾಗುತ್ತಾ? ಮಳೆ ಹಿಡಿಯೋ ಹೊತ್ತಿಗೆ ಹೋಗ್ಬಿಡ್ತೀನಿ."

"ಅಲ್ಲಿ ಒಬ್ನೇ ಇದ್ದು ಏನ್ ಮಾಡ್ತೀಯಪ್ಪಾ?"

"ಇಲ್ಲಿ ಏನ್ ಮಾಡ್ತಿದೀನಿ? ಹೊರಗೆ ಬಿಸ್ಲು ಅಂತೀಯ. ಒಲೆ ಮುಟ್ಬೇಡ ಅಂತೀಯ. ನೀನು ಆಫೀಸಿಂದ ಕ್ಯಾಮೆರಾದಲ್ಲಿ ನನ್ನ ನೋಡ್ತೀಯ, ನಾನು ಇಲ್ಲಿಂದ ಕ್ಯಾಮೆರಾ ನೋಡ್ತೀನಿ."

"ಅಮ್ಮ ಬಿದ್ದ ದಿನ ನೀನು ಮನೇಲಿರ್ಲಿಲ್ಲ ಅಲ್ವಾ?" ಬಾಯಿಂದ ಬಂದೇಬಿಟ್ಟಿತು. ಆರು ತಿಂಗಳಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು.

ಅಪ್ಪ ದಾರ ಬಿಡಿಸೋದು ನಿಲ್ಲಿಸಲಿಲ್ಲ. "ಹೊಳೆ ಹತ್ರ ಇದ್ದೆ. ನಾನಿದ್ದಿದ್ರೆ ಉಳೀತಿದ್ಲಾ ಅಂತ ಡಾಕ್ಟ್ರನ್ನ ಕೇಳ್ದೆ. ಹೇಳಕ್ಕಾಗಲ್ಲ ಅಂದ್ರು. ದಿನಾ ಅದನ್ನೇ ಯೋಚ್ನೆ ಮಾಡ್ತೀನಿ."

ನೀನೂ ಇರಲಿಲ್ಲವಲ್ಲ ಅಂತ ಅವನು ತಿರುಗಿ ಕೇಳಬಹುದಿತ್ತು. ಕೇಳಲಿಲ್ಲ. ಗಾಳ ಯಾಕೆ ಬಿಟ್ಟಿದ್ದ ಅಂತ ನನಗೆ ಆಗ ಗೊತ್ತಾಯಿತು. ನಾನು ಕೊಡಿಸಿದ ರೀಲನ್ನು ಯಾಕೆ ಬೇಡ ಅನ್ನಲಿಲ್ಲ ಅನ್ನೋದೂ.

ಸ್ವಲ್ಪ ಹೊತ್ತು ಬಿಟ್ಟು ಅವನೇ ಅಂದ, "ಹೊಸ ಡ್ರೈವರ್‌ಗಳು ಘಾಟಿ ಇಳಿವಾಗ ಹೆದ್ರಿ ಮೇಲಿಂದ ಕೆಳಗಿನ ತನಕ ಬ್ರೇಕ್ ಮೇಲೇ ಕಾಲಿಡ್ತಾರೆ. ಲೈನರ್ ಕಾದು ವಾಸ್ನೆ ಬರುತ್ತೆ. ಆಮೇಲೆ ನಿಜವಾಗಿ ಬೇಕಾದಾಗ ಹಿಡಿಯಲ್ಲ. ಗೇರ್ ಇಳಿಸ್ಕೊಂಡು ಬರ್ಬೇಕು. ಬ್ರೇಕು ತಿರುವಲ್ಲಿ ಅಷ್ಟೇ."

ನನಗೆ ಬುದ್ಧಿ ಹೇಳಿದನೋ, ಬರೀ ಬಸ್ಸಿನ ಕಥೆ ಹೇಳಿದನೋ ಇವತ್ತಿಗೂ ಗೊತ್ತಿಲ್ಲ.

ಗಂಟು ಬಿಚ್ಚಿದ್ದು ವಿಡಿಯೋದಲ್ಲಿ ನೋಡಿದ್ದ ಉಪಾಯದಿಂದ. ಸ್ಪೂಲಿನ ಮೇಲೆ ಹೆಬ್ಬೆರಳು ಬಿಗಿಯಾಗಿ ಒತ್ತಿ ಹಿಡಿಯನ್ನು ಎರಡು ಮೂರು ಸುತ್ತು ತಿರುಗಿಸಿ, ಮೆಲ್ಲಗೆ ದಾರ ಎಳೆಯಬೇಕು. ಎರಡನೇ ಸಲಕ್ಕೆ ಬಂತು.

ಆಮೇಲೆ ಅಪ್ಪ ಎಸೆದ. ಡಯಲ್ 8ಕ್ಕಿಟ್ಟು ನಾಲ್ಕು ಸಲ. 6ಕ್ಕಿಟ್ಟು ನಾಲ್ಕು ಸಲ. ಮಧ್ಯೆ ಒಮ್ಮೆ ಅವನಿಗೂ ಗಂಟಾಯಿತು, ಬಿಡಿಸಿದ. ಹೆಬ್ಬೆರಳನ್ನು ಸ್ಪೂಲಿಗೆ ಸವರಿದ ಹಾಗೆ ಇಟ್ಟು, ಮೀನು ನೀರಿಗೆ ಬೀಳೋ ಹೊತ್ತಿಗೆ ಒತ್ತಿ ನಿಲ್ಲಿಸುತ್ತಿದ್ದ. ಅದನ್ನು ಯಾವ ಡಯಲ್ಲೂ ಮಾಡಿಕೊಡುವುದಿಲ್ಲ. ಬಿಸಿಲು ಏರುವ ಹೊತ್ತಿಗೆ 4ಕ್ಕೆ ಬಂದಿದ್ದ, ಮೀನು ನನ್ನದಕ್ಕಿಂತ ಮೂರು ಪಟ್ಟು ದೂರ ಬೀಳುತ್ತಿತ್ತು. ಒಂದು ಬಾಸ್ ಸಿಕ್ಕಿತು. ಇಲ್ಲಿ 14 ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಅಳೆದರೆ ಹನ್ನೊಂದು. "ಹೋಗು, ನಿಂಗಿನ್ನೂ ಲೈಸೆನ್ಸ್ ವಯಸ್ಸಾಗಿಲ್ಲ," ಅಂತ ನೀರಿಗೆ ಬಿಟ್ಟ. ಆಮೇಲೆ ರಾಡನ್ನು ನನ್ನ ಕೈಗೆ ಕೊಟ್ಟು, ನನ್ನ ಹೆಬ್ಬೆರಳ ಮೇಲೆ ತನ್ನ ಹೆಬ್ಬೆರಳು ಇಟ್ಟ. ಊರಲ್ಲಿ ದೊಡ್ಡಪ್ಪನ ಗಂಡುಮಕ್ಕಳ ದಂಡನ್ನೇ ಹೊಳೆಗೆ ಕರೆದೊಯ್ಯುತ್ತಿದ್ದವನು ನನ್ನನ್ನು ಒಂದು ದಿನವೂ ಕರೆದಿರಲಿಲ್ಲ.

ಜೂನ್ ಮೊದಲ ವಾರಕ್ಕೆ ಟಿಕೆಟ್ ಬದಲಾಯಿಸಿದೆ. ಏರ್‌ಪೋರ್ಟಿನಿಂದ ವಾಪಸ್ ಬಂದು ಹಾಲ್‌ನ ಕ್ಯಾಮೆರಾ ಕಿತ್ತಿಟ್ಟೆ. ರೀಲನ್ನು ಅಪ್ಪ ಒಯ್ಯಲಿಲ್ಲ, ಹೇಮಾವತಿಗೆ ಬಿದಿರು ಕೋಲೇ ಸಾಕಂತೆ. ನಮ್ಮಿಬ್ಬರ ಒಪ್ಪಂದ ಒಂದೇ, ಹೊಳೆಗೆ ಹೋಗುವ ಮುಂಚೆ ಒಂದು ಫೋನು, ಮನೆಗೆ ಬಂದ ಮೇಲೆ ಒಂದು ಫೋನು. ಎರಡನೆಯದು ಬರುವವರೆಗೆ ನನಗೆ ನಿದ್ದೆ ಬರುವುದಿಲ್ಲ, ಅದನ್ನು ಅವನಿಗೆ ಹೇಳಿಲ್ಲ.

ನಾನು ಈಗಲೂ ಶನಿವಾರ ಲೇಕ್ ಟ್ರಾವಿಸ್‌ಗೆ ಹೋಗ್ತೀನಿ. ನನ್ನ ಡಯಲ್ 6ರಲ್ಲಿದೆ. ಕಳೆದ ವಾರ ಹೇಳಿದಾಗ ಅಪ್ಪ, "ಇರ್ಲಿ ಬಿಡು, ಅವಸರ ಇಲ್ಲ," ಅಂದ.