ಎಂಜಿನ್ ಸ್ಟಾರ್ಟ್ ಆಯ್ತು, ಆರ್‌ಸಿ ಇನ್ನೂ ಗೋವಾದಲ್ಲೇ ಉಂಟು

ಸ್ಯಾನ್ ಸ್ಟಾರ್ಮ್ ಎಂಬ ಕಾರಿನ ಹೆಸರು ಕೇಳಿದವರು ನಮ್ಮ ಕಡೆ ಕಡಿಮೆ. 1990ರ ದಶಕದ ಕೊನೆಗೆ ಬೆಂಗಳೂರು ಮೂಲದ ಸ್ಯಾನ್ ಸಂಸ್ಥೆಯವರು ಗೋವಾದ ವೆರ್ಣಾದಲ್ಲಿ ತಯಾರಿಸಿದ ಪುಟ್ಟ ಸ್ಪೋರ್ಟ್ಸ್ ಕಾರು ಅದು. ಎರಡೇ ಸೀಟು, ಮಡಚುವ ಬಟ್ಟೆಯ ಟಾಪು, ಫೈಬರ್ ಬಾಡಿ. ಎಂಜಿನ್ ಮಾತ್ರ ಫ್ರಾನ್ಸಿನ ರೆನೋ ಕಂಪೆನಿಯದು, 1149 ಸಿಸಿ, ಸುಮಾರು 60 ಅಶ್ವಶಕ್ತಿ. ಆ ಕಾಲದ ಮಾರುತಿ 800ಕ್ಕೆ ಇದ್ದದ್ದು 37. ಹಾಗಾಗಿ ಆಗ ಇದನ್ನು ಓಡಿಸಿದವರು ಸ್ವಲ್ಪ ಹೆಮ್ಮೆ ಪಟ್ಟಿದ್ದರೆ ತಪ್ಪಿಲ್ಲ.

ಇಂಥದ್ದೊಂದು ಕಾರು ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ, ಜೋಡುರಸ್ತೆಯಿಂದ ಸ್ವಲ್ಪ ಒಳಗಿನ ಮನೆಯೊಂದರ ಕೊಟ್ಟಿಗೆಯಲ್ಲಿ 2011ರಿಂದ ನಿಂತಿತ್ತು. ನಮ್ಮ ಜೊತೆ ಪತ್ರಿಕೋದ್ಯಮ ಓದಿದ ಗೆಳತಿಯ ದೊಡ್ಡಮ್ಮನ ಮನೆ ಅದು. ನಮಗೂ ಅವರು ದೊಡ್ಡಮ್ಮನೇ. ದೊಡ್ಡಪ್ಪ ಮಡಗಾಂವ್‌ನಲ್ಲಿ ಹೋಟೆಲ್ ನಡೆಸುತ್ತಿದ್ದರು. 2008ರಲ್ಲಿ ಅಲ್ಲಿಯವರೊಬ್ಬರಿಂದ ಕಾರು ತೆಗೆದುಕೊಂಡು ಊರಿಗೆ ತಂದರು. 2011ರಲ್ಲಿ ಕಾಯಿಲೆ ಬಿದ್ದರು, ಮರುವರ್ಷ ತೀರಿಕೊಂಡರು. ಕಾರಿನ ಮೇಲೆ ಟಾರ್ಪಾಲು, ಟಾರ್ಪಾಲಿನ ಮೇಲೆ ಅಡಿಕೆ ಗೋಣಿ ಬಂತು.

ಈ ವರ್ಷ ಮನೆಯ ಮಾಡು ರಿಪೇರಿ ಆಗಲೇಬೇಕು. ಪಕ್ಕಾಸು ಒರಲೆ ತಿಂದು ಹೋಗಿದೆ. ದುಬೈಯಲ್ಲಿರುವ ಮಗ ಕಾರಿನ ಫೋಟೋ ಯಾರಿಗೋ ಕಳಿಸಿದ, ಬೆಂಗಳೂರಿನಿಂದ ಒಬ್ಬರು 3 ಲಕ್ಷಕ್ಕೆ ಕೇಳಿದರು. ನಾಡಿದ್ದೇ ಲಾರಿ ತರುತ್ತೇನೆ, ಎರಡು ಫಾರಂಗೆ ಸಹಿ ಹಾಕಿಟ್ಟಿರಿ ಸಾಕು ಎಂದರು. ದೊಡ್ಡಮ್ಮನಿಗೆ ಯಾಕೋ ಧೈರ್ಯ ಬರಲಿಲ್ಲ. "ನೀವು ಪೇಪರ್ ಕಲಿತವರಲ್ವಾ, ಇದರ ಪೇಪರ್ ಒಮ್ಮೆ ನೋಡಿ" ಅಂತ ನಮ್ಮನ್ನು ಕರೆದರು. ಪತ್ರಿಕೋದ್ಯಮಕ್ಕೆ ನಮ್ಮೂರಲ್ಲಿ ಇಂಥ ಉಪಯೋಗವೂ ಉಂಟು.

ಹಳೇ ಬಿಸ್ಕೆಟ್ ಡಬ್ಬಿಯಲ್ಲಿ ಆರ್‌ಸಿ ಸಿಕ್ಕಿತು. ಅದರಲ್ಲಿ ದೊಡ್ಡಪ್ಪನ ಹೆಸರೇ ಇಲ್ಲ. 2000ದಲ್ಲಿ ಗೋವಾದಲ್ಲಿ ನೋಂದಣಿ, ಹೆಸರು ಮೊದಲ ಮಾಲೀಕರದ್ದು. ಜೊತೆಗೆ ಅವರು ಸಹಿ ಮಾಡಿ, ತಾರೀಕು ಹಾಕದೆ ಕೊಟ್ಟ ಫಾರಂ 29 ಮತ್ತು 30. ಅಂದರೆ ದುಡ್ಡು ಕೊಟ್ಟು ಹದಿನೆಂಟು ವರ್ಷ ಆದರೂ ಕಾನೂನಿನ ಲೆಕ್ಕದಲ್ಲಿ ಕಾರು ಈ ಮನೆಯದ್ದಲ್ಲ. ಬ್ಯಾಂಕ್ ಸಾಲದ ನಮೂದು ಕೂಡ ಆರ್‌ಸಿಯಲ್ಲಿ ಹಾಗೇ ಉಂಟು. ಸಾಲ ತೀರಿದ್ದಕ್ಕೆ ಗುರುತಿಲ್ಲ. ಮೇಲಾಗಿ ಹೊಸ ಕಾರಿನ ನೋಂದಣಿ ಇರುವುದು 15 ವರ್ಷಕ್ಕೆ. ಅದು 2015ಕ್ಕೇ ಮುಗಿದಿದೆ.

ನಾವು ಪಾಠದಲ್ಲಿ ಕಲಿತ ಕ್ರಮವನ್ನೇ ಹಿಡಿದೆವು. ಒಂದು ಮಾತನ್ನು ಮೂರು ಕಡೆ ತಾಳೆ ನೋಡಬೇಕು. ಇಲ್ಲಿ ಆ ಮೂರು ಅಂದರೆ ಕಾಗದ, ಕಬ್ಬಿಣ, ಮನುಷ್ಯ.

ಕಾಗದದ ನಂಬರು ಕಬ್ಬಿಣದ ಮೇಲೆ ಇದೆಯೋ ಅಂತ ಮೊದಲು ನೋಡಿದೆವು. ಚಾಸಿ ನಂಬರಿನ ಮೇಲಿನ ಧೂಳನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಕ್ಷರ ಎದ್ದು ಬರುತ್ತದೆ. ಆರ್‌ಟಿಒದಲ್ಲಿ ಮಾಡುವುದೂ ಹೀಗೇ. ಚಾಸಿ, ಎಂಜಿನ್ ಎರಡೂ ಹೊಂದಿದವು. ಅಂಕಿಯ ಸುತ್ತ ಗ್ರೈಂಡ್ ಮಾಡಿದ ಗೆರೆಯೋ ವೆಲ್ಡಿಂಗಿನ ಕಲೆಯೋ ಕಾಣಲಿಲ್ಲ. ಹಳೇ ಬಿಲ್ಲುಗಳನ್ನು ತಾರೀಕಿನಂತೆ ಜೋಡಿಸಿದರೆ ಕಿಲೋಮೀಟರು ಏರುತ್ತಾ ಹೋಗುತ್ತದೆ, ಎಲ್ಲೂ ಹಿಂದೆ ಬಂದಿಲ್ಲ. ಟಯರಿನ ಪಕ್ಕೆಯಲ್ಲಿ ನಾಲ್ಕಂಕಿ ಇರುತ್ತದಲ್ಲ, ಅದರಲ್ಲಿ 1809 ಅಂತ ಇತ್ತು. 2009ರ 18ನೇ ವಾರದಲ್ಲಿ ತಯಾರಾದದ್ದು ಎಂದು ಅರ್ಥ. ಟಯರ್ ಬಿಲ್ಲೂ ಅದೇ ವರ್ಷದ್ದು. ನಿಮ್ಮ ಬೈಕಿನ ಟಯರಲ್ಲೂ ಈ ಅಂಕಿ ಉಂಟು, ಈಗಲೇ ನೋಡಬಹುದು.

ಮೊಬೈಲಿನ ಎಂಪರಿವಾಹನ್ ಆ್ಯಪಿನಲ್ಲಿ ಈ ಕಾರು ಸಿಗಲಿಲ್ಲ. ಹಾಗಂತ ಅದು ಕಳವಿನದ್ದು ಅಂತಲ್ಲ. ಹಿಂದೆ ಪುಸ್ತಕದಲ್ಲಿ ಬರೆದಿಟ್ಟ ಎಷ್ಟೋ ದಾಖಲೆ ಇನ್ನೂ ಕಂಪ್ಯೂಟರಿಗೆ ಏರಿಲ್ಲ. ಅಂಥದ್ದಕ್ಕೆ ನೋಂದಣಿಯಾದ ಕಚೇರಿಗೇ ಹೋಗಬೇಕು.

ಇನ್ನು ಕಾರಿನ ವಿಷಯ. ಬಜಗೋಳಿ ಕಡೆಯ ಮೆಕ್ಯಾನಿಕ್ ಅಣ್ಣನೊಬ್ಬರನ್ನು ಕರೆದೆವು. ಮುಂಬೈಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ ಬಂದವರು. ನಮ್ಮಲ್ಲೊಬ್ಬ ಹೊಸ ಬ್ಯಾಟರಿ ಹಿಡಿದು ನಿಂತದ್ದು ನೋಡಿ ಅವರು, "ಕೀ ತಿರುಗಿಸ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ, ಮೊದ್ಲು ಅದರ ಹೊಟ್ಟೆ ಖಾಲಿ ಮಾಡುವ" ಅಂದರು.

ಹೊಟ್ಟೆ ಅಂದರೆ ಪೆಟ್ರೋಲ್ ಟ್ಯಾಂಕ್. ಹೊರಗೆ ಬಂದ ಪೆಟ್ರೋಲು ಕಾಫಿ ಕಷಾಯದ ಬಣ್ಣ, ವಾರ್ನಿಷಿನ ವಾಸನೆ. ಅದು ಎಂಜಿನ್ನಿಗೆ ಹೋಗಿದ್ದರೆ ಇಂಜೆಕ್ಟರ್ ಅಂಟಿ ಹಿಡಿಯುತ್ತಿತ್ತು. ಪೈಪುಗಳನ್ನೂ ಬದಲಿಸಿದೆವು. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. 2000ದ ಕಾಲದ ರಬ್ಬರು ಅದಕ್ಕಾಗಿ ಮಾಡಿದ್ದಲ್ಲ, ಮೆತ್ತಗಾಗಿ ಸೋರಬಹುದು. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವ ಹಳೇ ಸ್ಕೂಟರಿಗೂ ಇದೇ ತೊಂದರೆ.

ಆಮೇಲೆ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೂ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಹಾಗೇ ಬಿಟ್ಟರು. ಒಣಗಿದ ಸಿಲಿಂಡರಿನೊಳಗೆ ಪಿಸ್ಟನ್ ರಿಂಗ್ ತುಕ್ಕಲ್ಲಿ ಹಿಡಿದಿದ್ದರೆ ಸ್ಟಾರ್ಟರಿನ ಜೋರಿಗೆ ಗೀರು ಬೀಳುತ್ತದೆ. ಮೂರನೇ ದಿನ ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿದರು. ಮೊದಲು ಅಲ್ಲಾಡಲಿಲ್ಲ. ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ. ಒಮ್ಮೆಲೇ ಸಡಿಲವಾಯಿತು. ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ಏನೂ ಹೇಳಲಿಲ್ಲ, ಒಳಗೆ ಹೋಗಿ ಎಲ್ಲರಿಗೂ ಮಜ್ಜಿಗೆ ತಂದರು.

ಟೈಮಿಂಗ್ ಬೆಲ್ಟ್ ನೋಡಲು ಚೆನ್ನಾಗಿಯೇ ಇತ್ತು. ಆದರೂ ಹಳೇ ರಬ್ಬರನ್ನು ನಂಬುವಂತಿಲ್ಲ. ಈ ಎಂಜಿನ್ ಯುರೋಪಿನಲ್ಲಿ ರೆನೋ ಕ್ಲಿಯೋ, ಟ್ವಿಂಗೋ ಕಾರುಗಳಲ್ಲೂ ಇದ್ದದ್ದರಿಂದ ಬೆಲ್ಟನ್ನು ಹೊರದೇಶದಿಂದ ತರಿಸಲು ಆಯಿತು. ದುಬೈಯ ಮಗ ಬರುವವರ ಕೈಯಲ್ಲಿ ಕಳಿಸಿದ. ಆಯಿಲ್, ಕೂಲೆಂಟ್, ಫಿಲ್ಟರ್ ಎಲ್ಲ ಹೊಸತು. ಸೀಟಿನ ಅಡಿಯಲ್ಲಿ ಹಾವಿನ ಪೊರೆ ಸಿಕ್ಕಿತು. ಇಲಿ ತಿಂದ ವೈರು ಸರಿ ಮಾಡಲು ಮಾತ್ರ ಎರಡು ದಿನ ಹೋಯಿತು. ಹಾವು ತನ್ನ ಕೆಲಸ ಸರಿಯಾಗಿ ಮಾಡಿಲ್ಲ ಅಂತಾಯಿತು.

ನಮಗೆ ದೊಡ್ಡ ಪಾಠ ಆದದ್ದು ಕಾರಿನ ಅಡಿಯಲ್ಲಿ. ಮೇಲಿನ ಫೈಬರ್ ಬಾಡಿಗೆ ತುಕ್ಕು ಹಿಡಿಯುವುದಿಲ್ಲ. ತೊಳೆದು ಒರೆಸಿದರೆ ಕೆಂಪು ಬಣ್ಣ ಹೊಳೆಯುತ್ತದೆ, ಫೋಟೋದಲ್ಲಂತೂ ನಿನ್ನೆ ತಂದ ಹಾಗೆ. ಆದರೆ ಅದನ್ನು ಹೊತ್ತದ್ದು ಕಬ್ಬಿಣದ ಚೌಕಟ್ಟು. ಕೊಟ್ಟಿಗೆಯ ಮಣ್ಣಿನ ನೆಲ ಹದಿನೈದು ಮಳೆಗಾಲ ತೇವ ಕೊಟ್ಟಿದೆ. ಅಣ್ಣ ಕೆಳಗೆ ಮಲಗಿ ಸ್ಕ್ರೂಡ್ರೈವರಿನಲ್ಲಿ ಕುಟ್ಟಿ ಕುಟ್ಟಿ ಶಬ್ದ ಕೇಳಿದರು. ಮೂರು ಕಡೆ ಕಬ್ಬಿಣ ಹಪ್ಪಳದ ಹಾಗೆ ಎದ್ದು ಬಂತು. ಬ್ರೇಕ್ ಪೈಪೂ ಹಾಗೇ. ಬ್ರೇಕ್ ಆಯಿಲ್ ಗಾಳಿಯ ನೀರನ್ನು ಹೀರಿಕೊಂಡು ಒಳಗಿನಿಂದಲೇ ಪೈಪು ತಿನ್ನುತ್ತದೆ. ಫೈಬರ್ ಬಾಡಿಯ ಹಳೇ ಗಾಡಿ ತೆಗೆದುಕೊಳ್ಳುವವರು ಮೇಲೆ ನೋಡುವ ಹೊತ್ತಿನ ಎರಡರಷ್ಟು ಹೊತ್ತು ಕೆಳಗೆ ನೋಡಲಿ.

ಎಂಜಿನ್ ಸ್ಟಾರ್ಟ್ ಆದದ್ದು ಒಂದು ಭಾನುವಾರ ಸಂಜೆ, ಮೂರನೇ ಸಲಕ್ಕೆ. ಬಿಳಿ ಹೊಗೆ ಬಂದು ಹಟ್ಟಿಯ ದನ ಬೆದರಿತು. ಎಂಜಿನ್ನಿನ ಶಬ್ದ ಬಿಟ್ಟರೆ ಯಾರಲ್ಲೂ ಮಾತಿಲ್ಲ. ಕಾರನ್ನು ಅಂಗಳದಲ್ಲಿ ಹತ್ತು ಅಡಿ ಮುಂದೆ, ಹತ್ತು ಅಡಿ ಹಿಂದೆ ಬಿಟ್ಟೆವು. ರಸ್ತೆಗೆ ಇಳಿಸಲಿಲ್ಲ. ನೋಂದಣಿ ಮುಗಿದ, ವಿಮೆ ಇಲ್ಲದ ಗಾಡಿ ಅದು.

ವಿಡಿಯೋ ನೋಡಿದ ಬೆಂಗಳೂರಿನವರು 20 ಸಾವಿರ ಹೆಚ್ಚೇ ಕೊಡುತ್ತೇನೆ, ಆದರೆ ಈ ವಾರವೇ ಬೇಕು ಅಂದರು. ಪೇಪರ್ ಆಮೇಲೆ ನೋಡುವ ಅಂತ. ಮಗನೂ ಕೊಟ್ಟುಬಿಡುವ ಅಂದ. ಮಾಡಿನ ಚಿಂತೆ ಅವನಿಗೂ ಇತ್ತು.

ನಾವು ದೊಡ್ಡಮ್ಮನಿಗೆ ಹೇಳಿದ್ದು ಇಷ್ಟು. ಮೋಟಾರು ವಾಹನ ಕಾಯ್ದೆ ಪ್ರಕಾರ ಮಾರಿದವರು ಅದೇ ರಾಜ್ಯದಲ್ಲಾದರೆ 14 ದಿನದೊಳಗೆ, ಹೊರರಾಜ್ಯಕ್ಕಾದರೆ 45 ದಿನದೊಳಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಹೆಸರು ಬದಲಾಗದೆ ಗಾಡಿ ಕೈಯಿಂದ ಕೈಗೆ ಹೋಗಿ ಅಪಘಾತವಾದರೆ, ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರದ್ದು ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅಲ್ಲೂ ಕಾರು ಹೀಗೇ ಒಬ್ಬರಿಂದ ಒಬ್ಬರಿಗೆ ಹೋಗಿತ್ತು. ಈಗ ಕೊಟ್ಟರೆ ಗೋವಾದ ಆ ಹಿರಿಯರ ತಲೆ ಮೇಲೆ ಕಾರು ಬೆಂಗಳೂರಲ್ಲಿ ಓಡುತ್ತದೆ. ಬೈಕು, ಪಿಕಪ್ಪು, ಟೆಂಪೊ ಹೀಗೇ ಸಹಿ ಹಾಕಿದ ಫಾರಂ ಮೇಲೆ ನಮ್ಮೂರುಗಳಲ್ಲಿ ಎಷ್ಟು ಓಡುತ್ತಿಲ್ಲ?

ದೊಡ್ಡಮ್ಮ ತುಂಬ ಹೊತ್ತು ಯೋಚಿಸಿ, "ಆ ಜನ ಇದ್ದಾರಾ ನೋಡಿ ಬನ್ನಿ ಮೊದ್ಲು" ಅಂದರು.

ಉಡುಪಿಯಿಂದ ರೈಲು ಹತ್ತಿ ಮಡಗಾಂವ್‌ಗೆ ಹೋದೆವು. ಆರ್‌ಸಿಯಲ್ಲಿದ್ದ ವಿಳಾಸದಲ್ಲಿ ಈಗ ಫ್ಲ್ಯಾಟ್ ಎದ್ದಿದೆ. ಪಕ್ಕದ ದಿನಸಿ ಅಂಗಡಿಯವರು ಹೊಸ ಮನೆ ತೋರಿಸಿದರು. ಎಪ್ಪತ್ತು ದಾಟಿದ ಹಿರಿಯರು. ಫೋಟೋ ನೋಡಿ ಅವರು ಗುಜರಿಗೆ ಹೋಗಿರಬೇಕು ಅಂತ ತಿಳಿದಿದ್ದೆ ಅಂದರು. ತಮ್ಮ ಹೆಸರಲ್ಲೇ ಇನ್ನೂ ಉಂಟು ಅಂತ ಕೇಳಿ ಮುಖ ಸ್ವಲ್ಪ ಬಾಡಿತು. ಬ್ಯಾಂಕ್ ಸಾಲ ತೀರಿಸಿದ ಪತ್ರ ಅವರ ಫೈಲಿನಲ್ಲೇ ಇತ್ತು. ಫಾರಂ 35 ಜೊತೆ ಅದನ್ನು ಕೊಟ್ಟರೆ ಸಾಲದ ನಮೂದು ತೆಗೆಸಬಹುದು. ಕರ್ನಾಟಕಕ್ಕೆ ತರುವ ಎನ್‌ಒಸಿಗೆ ಬೇಕಾದ ಫಾರಂ 28ಕ್ಕೂ ಹೊಸದಾಗಿ ಸಹಿ ಹಾಕಲು ಒಪ್ಪಿದರು. ಅವರು ಇಲ್ಲದೇ ಹೋಗಿದ್ದರೆ ಅವರ ವಾರಸುದಾರರನ್ನು ಹುಡುಕಿ, ಫಾರಂ 31ರಲ್ಲಿ ಅವರ ಹೆಸರಿಗೆ ಮಾಡಿಸಿ, ಆಮೇಲೆ ಇತ್ತ ತರಬೇಕಿತ್ತು.

ಖರ್ಚು ಕಡಿಮೆ ಅಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟಿನಲ್ಲಿ 10,000 ಮಾಡಿದರು. ಅದರ ಮೇಲೆ ಇಲ್ಲಿಯ ತೆರಿಗೆ, ವಿಮೆ, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್. ವಿಂಟೇಜ್ ಅಂತ ಮಾಡಿಸಿ ಅಂದವರೂ ಇದ್ದರು. ಅದಕ್ಕೆ ಗಾಡಿಗೆ 50 ವರ್ಷ ದಾಟಿರಬೇಕು.

ಲೆಕ್ಕವನ್ನೆಲ್ಲ ಬರೆದು ಬೆಂಗಳೂರಿನವರಿಗೆ ಕಳಿಸಿದೆವು, ಚೌಕಟ್ಟಿನ ತುಕ್ಕಿನ ಫೋಟೋ ಸಮೇತ. ಎರಡು ದಿನ ಸುದ್ದಿ ಇಲ್ಲ. ಆಮೇಲೆ ಫೋನ್ ಮಾಡಿ, ಎರಡೂವರೆಗೆ ಆದರೆ ಪೇಪರ್ ಆಗುವವರೆಗೆ ಕಾಯುತ್ತೇನೆ ಅಂದರು. ದೊಡ್ಡಮ್ಮ ಒಪ್ಪಿದರು. ಮುಂಗಡ ತೆಗೆದುಕೊಳ್ಳಲಿಲ್ಲ. ಈ ಮಳೆಗಾಲಕ್ಕೆ ಮಾಡಿನ ಒಂದು ಬದಿಗೆ ಮಾತ್ರ ಹೊಸ ಪಕ್ಕಾಸು, ಇನ್ನೊಂದು ಬದಿಗೆ ಕಾರಿನ ಮೇಲಿದ್ದ ಟಾರ್ಪಾಲು. ಕಾರನ್ನು ನಾಲ್ಕು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿ, ಟ್ಯಾಂಕ್ ಖಾಲಿ ಮಾಡಿ, ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿಟ್ಟಿದ್ದೇವೆ. ಬ್ರೇಕ್ ಪೈಪ್ ಮುಂದಿನ ವಾರ ಬರುತ್ತದೆ.