ಗುದ್ದಲಿ ಹಿಡಿದ ಕೈಗೆ ಯಾವ ಕೀಬೋರ್ಡ್?

ಹೊಲದ ವಿಡಿಯೋ ಎಡಿಟ್ ಮಾಡೋ ಕಂಪ್ಯೂಟರಿಗೆ ಈ ಸಲ ಮೆಕ್ಯಾನಿಕಲ್ ಕೀಬೋರ್ಡ್ ತಗೊಂಡೆ. ಯಾವುದು ತಗೊಂಡ್ರಿ ಅಂತ ಹೊಳೆನರಸೀಪುರದ ಕಡೆಯ ಇಬ್ಬರು ಹುಡುಗರು ಕೇಳಿದ್ರು, ಅದಕ್ಕೇ ಬರೀತಿದ್ದೀನಿ.

ಇದರಲ್ಲಿ ಒಂದೊಂದು ಕೀಲಿಗೂ ಬೇರೆ ಬೇರೆ ಸ್ಪ್ರಿಂಗು, ಸ್ವಿಚ್ಚು. ಮುಖ್ಯವಾಗಿ ಮೂರು ಜಾತಿ. ಚೆರ್ರಿ ಕಂಪನಿಯ ಲೆಕ್ಕದಲ್ಲಿ ಕೆಂಪು ಸಲೀಸಾಗಿ ಇಳಿಯುತ್ತೆ. ಸುಮಾರು 45 ಗ್ರಾಂ ಭಾರ ಬಿದ್ದು 2 ಮಿ.ಮೀ. ಇಳಿದ್ರೆ ಅಕ್ಷರ ಮೂಡುತ್ತೆ. ಕಂದಿನಲ್ಲಿ ನಡುವೆ ಸಣ್ಣದೊಂದು ತಡೆ. ನೀಲಿಯಲ್ಲಿ ತಡೆ ಜೊತೆಗೆ ಟಕ್ ಅನ್ನೋ ಸದ್ದು.

ಎಡಿಟಿಂಗಲ್ಲಿ ಜೆ ಒತ್ತಿದ್ರೆ ವಿಡಿಯೋ ಹಿಂದಕ್ಕೆ, ಎಲ್ ಒತ್ತಿದ್ರೆ ಮುಂದಕ್ಕೆ, ಕೆ ಒತ್ತಿದ್ರೆ ನಿಲ್ಲುತ್ತೆ. ಬೆರಳು ಸದಾ ಅಲ್ಲೇ ಕೂತಿರುತ್ತೆ. ಗುದ್ದಲಿ ಹಿಡಿದು ಜಡ್ಡುಗಟ್ಟಿದ ನನ್ನ ಬೆರಳಿಗೆ ಕೆಂಪು ತೀರಾ ಹಗುರ, ಸುಮ್ನೆ ಇಟ್ರೂ ವಿಡಿಯೋ ಓಡುತ್ತೆ. ನೀಲಿ ಕೈಗೇನೋ ಹಿತ. ಆದ್ರೆ ನಾನು ಎಡಿಟಿಂಗಿಗೆ ಕೂರೋದು ರಾತ್ರಿ, ಮೋಟಾರಿಗೆ ತ್ರೀ ಫೇಸ್ ಕರೆಂಟು ಕಾಯ್ತಾ. ಪಕ್ಕದಲ್ಲೇ ಅವ್ವ ಮಲಗಿರ್ತಾಳೆ. ಬೆಳಗಿನ ಜಾವ ಎದ್ದು ಹಾಲು ಕರೆಯೋಳು ಅವಳು.

ಅದಕ್ಕೆ ಕಂದು. ಪೂರಾ ಸದ್ದೇ ಇಲ್ಲ ಅಂತಲ್ಲ. ತಡೆ ಸಿಕ್ಕಿದ್ದು ಬೆರಳಿಗೆ ಗೊತ್ತಾಗೋದ್ರಿಂದ ತಳ ಬಡಿಯೋ ತನಕ ಒತ್ತಬೇಕಿಲ್ಲ.

ತಗೊಳ್ಳೋರಿಗೆ ಒಂದು ಮಾತು: ‘ಹಾಟ್ ಸ್ವಾಪ್’ ಇರೋದನ್ನೇ ಕೇಳಿ. ಅದರಲ್ಲಿ ಸ್ವಿಚ್ಚನ್ನ ಚಿಮಟದಲ್ಲಿ ಕಿತ್ತು ಬದಲಾಯಿಸಬಹುದು, ಬೆಸುಗೆ ಬೇಡ. ರಾಗಿ ತೂರೋ ಧೂಳಿಗೆ ಒಂದು ಕೀಲಿ ಕೆಟ್ರೆ ಅದೊಂದನ್ನೇ ಹಾಕಿದ್ರಾಯ್ತು. ಒಂದು ತೆಂಗು ಒಣಗಿತು ಅಂತ ತೋಟಾನೇ ಕಡೀತೀವಾ?